ಆರೋಗ್ಯಪ್ಪಚ್ಚ: ಗುರುತು ಮತ್ತು ನೆಲೆ

ತಿರುವನಂತಪುರದ ಪೂರ್ವಕ್ಕಿರುವ ಅಗಸ್ತ್ಯಕೂಟದ ಕಾಡುಗಳಲ್ಲಿ 1987ರ ಡಿಸೆಂಬರಿನಲ್ಲಿ ಡಾ. ಪಿ. ಪುಷ್ಪಾಂಗದನ್ ಮತ್ತು ಸಂಗಡಿಗರು ಸಮೀಕ್ಷೆ ನಡೆಸುತ್ತಿದ್ದರು. ದಾರಿ ತೋರಲು ಬಂದ ಕಾಣಿ ಜನರು ನಡುನಡುವೆ ಚಿಕ್ಕದೊಂದು ಕಾಯನ್ನು ತಿನ್ನುತ್ತ ಆಯಾಸವಿಲ್ಲದೆ ಬೆಟ್ಟವೇರುತ್ತಿದ್ದುದು ಅವರ ಗಮನ ಸೆಳೆಯಿತು. ಮೊದಲು ಹಿಂಜರಿದರೂ ಕೊನೆಗೆ ಕಾಣಿಗಳು ಆ ಗಿಡವನ್ನು ತೋರಿಸಿದರು. ಅದೇ ಆರೋಗ್ಯಪ್ಪಚ್ಚ, ಅಂದರೆ ಆರೋಗ್ಯದ ಹಸಿರು. ಶಾಸ್ತ್ರೀಯ ನಾಮ ಟ್ರೈಕೋಪಸ್ ಜೈಲಾನಿಕಸ್.

ಎಲೆಯ ಆಕಾರವೊಂದನ್ನೇ ನಂಬಿ ಈ ಗಿಡವನ್ನು ಗುರುತಿಸಲಾಗದು. ಎಲೆ ಒಂದೆಡೆ ಹೃದಯಾಕಾರ, ಇನ್ನೊಂದೆಡೆ ತ್ರಿಕೋನಾಕಾರ. ಕಾಡಿನ ನೆರಳಿನಲ್ಲಿ ಇಂತಹ ಎಲೆಗಳಿಗೆ ಬರವಿಲ್ಲ. ನೋಡಬೇಕಾದುದು ಜೋಡಣೆಯನ್ನು. ನೆಲದೊಳಗಿನ ಗಡ್ಡೆಯಿಂದ ಕವಲಿಲ್ಲದ ಸಣ್ಣ ಕಾಂಡಗಳು ಏಳುತ್ತವೆ. ಒಂದೊಂದರ ತುದಿಗೂ ಒಂದೇ ಎಲೆ. ಕಾಂಡವೂ ಎಲೆಯ ತೊಟ್ಟೂ ಕೂಡುವ ಸಂದಿಯಲ್ಲಿಯೇ ಆರು ದಳಗಳ ಕಂದುನೇರಳೆ ಹೂಗಳು ಗುಂಪಾಗಿ ಬಿಡುತ್ತವೆ. ಕಾಯಿಗೆ ಮೂರು ಏಣುಗಳಿವೆ. ಕೇರಳದ ಪೇಟೆಗಳಲ್ಲಿ ಕಾಚಿಲ್ ಎಂದು ಮಾರುವ ಗೆಣಸಿನ ಕುಟುಂಬಕ್ಕೇ ಇದು ಸೇರಿದ್ದು ಎಂದರೆ ಅಚ್ಚರಿಯಾದೀತು. ಇದರ ಏಕೈಕ ಸೋದರ ಪ್ರಭೇದ ದೂರದ ಮಡಗಾಸ್ಕರಿನಲ್ಲಿದೆ.

ಇದರ ನೆಲೆ ಹೊಳೆತೊರೆಗಳ ಬಳಿಯ, ಬಿಸಿಲು ನೇರವಾಗಿ ಬೀಳದ ತಂಪು ನೆಲ. ಬೇರೆಡೆ ನೆಟ್ಟರೂ ಗಿಡ ಬದುಕೀತು. ಆದರೆ ಸಹಜ ನೆಲೆಯಿಂದ ದೂರವಾದರೆ ಔಷಧಗುಣ ಕುಂದುತ್ತದೆಂದು ಸಂಶೋಧಕರು ಕಂಡುಕೊಂಡರು. ಆದ್ದರಿಂದ ಕುಂಡದಲ್ಲಿ ಬೆಳೆದ ಗಿಡ ಹೆಸರಿಗೆ ಮಾತ್ರ ಆರೋಗ್ಯಪ್ಪಚ್ಚ ಎನಿಸಬಹುದು.

ಪಾಲೋಡಿನ ಉಷ್ಣವಲಯ ಸಸ್ಯೋದ್ಯಾನ ಸಂಶೋಧನಾ ಸಂಸ್ಥೆಯು ಇದರಿಂದ 'ಜೀವನಿ' ಎಂಬ ಔಷಧವನ್ನು ಸಿದ್ಧಪಡಿಸಿತು. ಕಾಣಿಗಳು ತಿನ್ನುತ್ತಿದ್ದುದು ಕಾಯನ್ನು. ಔಷಧಕ್ಕೆ ಬಳಸಿದ್ದು ಎಲೆಯನ್ನು. ಜೊತೆಗೆ ಅಶ್ವಗಂಧ, ಹಿಪ್ಪಲಿ, ವಿಷ್ಣುಕ್ರಾಂತಿಗಳೂ ಇರುವುದರಿಂದ ಜೀವನಿಯ ಗುಣವನ್ನೆಲ್ಲ ಈ ಒಂದೇ ಗಿಡಕ್ಕೆ ಸಲ್ಲಿಸುವುದು ಉಚಿತವಲ್ಲ. ಶಕ್ತಿವರ್ಧನೆಯ ಪರೀಕ್ಷೆಗಳೂ ಬಹುಮಟ್ಟಿಗೆ ಇಲಿಗಳ ಮೇಲೆ ನಡೆದಂಥವು. ಹೃದ್ರೋಗವೋ ಮಧುಮೇಹವೋ ಇರುವವರು ವೈದ್ಯರ ಸಲಹೆಯಿಲ್ಲದೆ ಇದಕ್ಕೆ ಕೈಹಾಕಬಾರದು.

ಪರವಾನಗಿಯಿಂದಲೂ ರಾಯಧನದಿಂದಲೂ ಬಂದ ಹಣದ ಅರ್ಧವನ್ನು ಕಾಣಿಗಳಿಗೆ ಕೊಡುವುದೆಂದು ಸಂಸ್ಥೆ ಒಪ್ಪಿತು. ಅದಕ್ಕಾಗಿ 1997ರಲ್ಲಿ ಅವರದೇ ಟ್ರಸ್ಟ್ ಸ್ಥಾಪನೆಯಾಯಿತು. ಬುಡಕಟ್ಟು ಜನರ ಜ್ಞಾನಕ್ಕೆ ಬೆಲೆ ಸಂದ ಈ ವ್ಯವಸ್ಥೆ ಜಗತ್ತಿನ ಗಮನ ಸೆಳೆಯಿತು. ಆದರೆ ಬೇಡಿಕೆ ಏರಿದಂತೆ ಹೊರಗಿನವರು ಗಿಡಗಳನ್ನು ಬುಡಸಹಿತ ಕಿತ್ತೊಯ್ದರು. ಅರಣ್ಯ ಇಲಾಖೆ ಸಂಗ್ರಹಣೆಗೆ ಆಕ್ಷೇಪವೆತ್ತಿತು. ಎಲೆಯನ್ನಷ್ಟೇ ಕೊಯ್ದರೆ ಗಡ್ಡೆ ಮತ್ತೆ ಚಿಗುರುತ್ತದೆ, ಕಿತ್ತರೆ ಚಿಗುರದು ಎಂಬುದು ಕಾಣಿಗಳಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ.