ಗಲ್ಲಾದ ಚೀಟಿಯನ್ನು ಓದುವುದು ಹೇಗೆ? ಬಿಸಿನೆಸ್ ಇಂಟೆಲಿಜೆನ್ಸ್ ಮತ್ತು ಡ್ಯಾಶ್‌ಬೋರ್ಡ್ ಪರಿಚಯ



ಇಂದು ನಮ್ಮ ಹೆಚ್ಚಿನ ಹೋಟೆಲುಗಳಲ್ಲಿ ಬಿಲ್ಲಿಂಗ್ ಕಂಪ್ಯೂಟರ್ ಇದೆ. ರಾತ್ರಿ ಗಲ್ಲಾ ಮುಚ್ಚುವಾಗ ಮಾರುದ್ದದ ಚೀಟಿ ಹೊರಬರುತ್ತದೆ. ನಾವು ಅದರ ಕೊನೆಯ ಮೊತ್ತ ನೋಡಿ, ನಗದು ಎಷ್ಟು, ಯುಪಿಐ ಎಷ್ಟು, ಕಾರ್ಡು ಎಷ್ಟು ಎಂದು ತಾಳೆ ಹಾಕಿ ಡ್ರಾವರಿನಲ್ಲಿ ಇಟ್ಟುಬಿಡುತ್ತೇವೆ. ಆ ಚೀಟಿಯೊಳಗೆ ಯಾವ ಗಂಟೆಗೆ ಯಾವ ತಿಂಡಿ ಹೋಯಿತು, ಯಾರು ಬಿಲ್ಲು ಮಾಡಿದರು, ಎಷ್ಟು ಬಿಲ್ಲು ರದ್ದಾಯಿತು ಎಂಬುದೆಲ್ಲ ಇರುತ್ತದೆ. ಅದನ್ನು ಒಟ್ಟುಗೂಡಿಸಿ, ಧಣಿಗೆ ಅರ್ಥವಾಗುವ ಹಾಗೆ ತೋರಿಸುವ ವಿದ್ಯೆಗೇ ಬಿಸಿನೆಸ್ ಇಂಟೆಲಿಜೆನ್ಸ್, ಚಿಕ್ಕದಾಗಿ ಬಿ.ಐ. ಎನ್ನುತ್ತಾರೆ. ಹೆಸರು ದೊಡ್ಡದು. ಕೆಲಸ ಮಾತ್ರ ನಮ್ಮ ಹಿರಿಯರು ದಿನವಹಿ ಪುಸ್ತಕದಲ್ಲಿ ಮಾಡುತ್ತಿದ್ದದ್ದೇ.

ಹಗಲಲ್ಲಿ ಟೇಬಲ್ ಒರೆಸಿ, ರಾತ್ರಿಶಾಲೆಯಲ್ಲಿ ಲೆಕ್ಕ ಕಲಿತು ಹೋಟೆಲು ಕಟ್ಟಿದ ಹಿರಿಯರು ಮುಂಬಯಿಯಲ್ಲಿ ಅನೇಕರಿದ್ದರು. ಅವರು ಗಲ್ಲಾದಲ್ಲಿ ಕುಳಿತರೆ ಇಡೀ ಹೋಟೆಲು ಕಣ್ಣಿಗೆ ಬೀಳುತ್ತಿತ್ತು. ಯಾವ ತಟ್ಟೆಯಲ್ಲಿ ಚಟ್ನಿ ಉಳಿಯಿತು ಎಂಬುದೂ ಅವರಿಗೆ ಗೊತ್ತಿತ್ತು. ಈಗ ಒಬ್ಬರಿಗೆ ಎರಡು ಮೂರು ಶಾಖೆಗಳು. ಮನೆಗೆ ತಲುಪಿಸುವ ಕಂಪನಿಗಳ ಆರ್ಡರು ಗಿರಾಕಿಯ ಮುಖವನ್ನೇ ತೋರಿಸದೆ ಬಂದು ಹೋಗುತ್ತದೆ. ಕಣ್ಣಿಗೆ ಬೀಳದ ವ್ಯಾಪಾರವನ್ನು ಅಂಕಿಯಲ್ಲಾದರೂ ನೋಡಬೇಕಾಗಿದೆ. ನಮ್ಮ ಧಂದೆಯಲ್ಲಿ ಲಾಭದ ಅಂಚು ಎಷ್ಟು ತೆಳು ಎಂಬುದನ್ನು ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ.

ಈ ಹೆಸರು ಬಂದದ್ದು

1958ರಲ್ಲಿ ಐ.ಬಿ.ಎಂ. ಕಂಪನಿಯ ಹನ್ಸ್ ಪೀಟರ್ ಲೂನ್ ಎಂಬವರು ಈ ಹೆಸರಿನಲ್ಲಿ ಒಂದು ಲೇಖನ ಬರೆದಿದ್ದರು. 1989ರ ನಂತರ ಹೊವಾರ್ಡ್ ಡ್ರೆಸ್ನರ್ ಎಂಬವರಿಂದ ಇದು ವ್ಯಾಪಾರ ಜಗತ್ತಿನಲ್ಲಿ ಬಳಕೆಗೆ ಬಂತು. ಡ್ಯಾಶ್‌ಬೋರ್ಡ್ ಎಂಬ ಶಬ್ದ ಇನ್ನೂ ಹಳೆಯದು. ಕುದುರೆಯ ಗೊರಸಿನಿಂದ ಹಾರುವ ಕೆಸರು ಗಾಡಿಯವನ ಮೈಗೆ ಬೀಳದಂತೆ ಮುಂದೆ ಹೊಡೆಯುತ್ತಿದ್ದ ಹಲಗೆ ಅದು. ಮೋಟಾರು ಬಂದ ಮೇಲೆ ಅದೇ ಜಾಗದಲ್ಲಿ ವೇಗದ ಮುಳ್ಳು, ಪೆಟ್ರೋಲಿನ ಮುಳ್ಳು ಬಂದು ಕೂತವು. ಕಂಪ್ಯೂಟರಿನ ಡ್ಯಾಶ್‌ಬೋರ್ಡ್ ಎಂದರೂ ಅಷ್ಟೆ, ಒಂದೇ ಪರದೆಯಲ್ಲಿ ನಾಲ್ಕೈದು ಮುಖ್ಯ ಅಂಕಿಗಳು. ರಿಪೋರ್ಟು ಎಂದರೆ ಆ ಅಂಕಿಯ ಹಿಂದಿರುವ ವಿವರವಾದ ಪಟ್ಟಿ. ಡ್ಯಾಶ್‌ಬೋರ್ಡ್ ನೋಡಿ ಸಂಶಯ ಬಂದರೆ ರಿಪೋರ್ಟು ತೆಗೆಯಬೇಕು.

ಮೊದಲು ವ್ಯಾಪಾರ ಎಂದರೆ ಯಾವುದು?

ಸಾಫ್ಟ್‌ವೇರ್ ಕೊಳ್ಳುವ ಮೊದಲೇ ಇತ್ಯರ್ಥ ಮಾಡಬೇಕಾದ ಪ್ರಶ್ನೆ ಇದು. 250 ರೂಪಾಯಿಯ ತಿಂಡಿಗೆ ಶೇ. 5 ಜಿ.ಎಸ್.ಟಿ. ಸೇರಿ ಬಿಲ್ಲು 262.50 ಆಗುತ್ತದೆ. ಆ 12.50 ನಮ್ಮದಲ್ಲ, ಸರಕಾರದ್ದು. ವ್ಯಾಪಾರ 250 ಮಾತ್ರ. ಮ್ಯಾನೇಜರ್ ತೆರಿಗೆ ಸೇರಿಸಿ ಹೇಳುತ್ತಾನೆ, ಅಕೌಂಟೆಂಟ್ ತೆರಿಗೆ ಕಳೆದು ಹೇಳುತ್ತಾನೆ, ಮಗ ಮೊಬೈಲಿನಲ್ಲಿ ಡಿಸ್ಕೌಂಟ್ ಕಳೆಯುವ ಮೊದಲಿನ ಅಂಕಿ ನೋಡುತ್ತಾನೆ. ಮೂವರೂ ಸರಿಯೇ, ಆದರೆ ಜಗಳ ತಪ್ಪುವುದಿಲ್ಲ. ತೆರಿಗೆ ಮತ್ತು ಡಿಸ್ಕೌಂಟ್ ಕಳೆದದ್ದನ್ನೇ ವ್ಯಾಪಾರ ಎನ್ನುತ್ತೇವೆ ಎಂದು ಒಮ್ಮೆ ಬರೆದು ಗಲ್ಲಾದ ಹತ್ತಿರ ಅಂಟಿಸಿಬಿಡಿ.

ಖರೀದಿಯ ಲೆಕ್ಕ ಇದಕ್ಕೆ ವಿರುದ್ಧ. 2017ರ ನವೆಂಬರ್ 15ರಿಂದ ಶೇ. 5ರ ದರದಲ್ಲಿರುವ ನಮ್ಮಂಥ ಹೋಟೆಲುಗಳಿಗೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಆದ್ದರಿಂದ ಮಾಲಿನ ಮೇಲೆ ಕೊಟ್ಟ ತೆರಿಗೆಯೂ ನಮ್ಮ ಖರ್ಚೇ. ಖರೀದಿಯನ್ನು ತೆರಿಗೆ ಸೇರಿಸಿ, ಮಾರಾಟವನ್ನು ತೆರಿಗೆ ಕಳೆದು ಬರೆಯಬೇಕು. ಇದು ಅದಲುಬದಲಾದರೆ ಎಷ್ಟು ಚಂದದ ಡ್ಯಾಶ್‌ಬೋರ್ಡ್ ಇದ್ದರೂ ಸುಳ್ಳು ಲಾಭ ತೋರಿಸುತ್ತದೆ.

ಆನ್‌ಲೈನ್ ಆರ್ಡರಿನಲ್ಲಿ ಇನ್ನೊಂದು ತೊಡಕಿದೆ. 2022ರ ಜನವರಿ 1ರಿಂದ ತಿಂಡಿಯ ಮೇಲಿನ ಜಿ.ಎಸ್.ಟಿ.ಯನ್ನು ಆ ಕಂಪನಿಗಳೇ ಕಟ್ಟುತ್ತವೆ, ನಮ್ಮ ಕೈಗೆ ಬರುವುದಿಲ್ಲ. ಒಂದು ಉದಾಹರಣೆ ನೋಡಿ. ಆ್ಯಪಿನಲ್ಲಿ ಬೆಲೆ 200, ನಾವು ಕೊಟ್ಟ ಡಿಸ್ಕೌಂಟ್ 30, ಉಳಿದದ್ದು 170. ಕಮಿಷನ್ ಇದರ ಮೇಲೆ ಶೇ. 20 ಎಂದಿಟ್ಟುಕೊಂಡರೆ 34 ರೂಪಾಯಿ. ಕಮಿಷನ್ನಿನ ಮೇಲೆ ಶೇ. 18 ಜಿ.ಎಸ್.ಟಿ. 6.12. ಇದೂ ನಮಗೆ ವಾಪಸು ಸಿಗದು. ಕೈಗೆ ಬಂದದ್ದು 129.88. ಸಾಮಗ್ರಿ 60, ಡಬ್ಬಿ ಮತ್ತು ಚೀಲ 10 ಕಳೆದರೆ 59.88 ಉಳಿಯಿತು. ಅದೇ ತಿಂಡಿಯನ್ನು ಟೇಬಲಿನಲ್ಲಿ 170ಕ್ಕೆ ಕೊಟ್ಟರೆ 110 ಉಳಿಯುತ್ತದೆ. ಟೇಬಲಿನ ಗಿರಾಕಿಗೆ ಜಾಗ, ವೇಟರ್, ಎ.ಸಿ. ಎಲ್ಲ ಬೇಕು, ನಿಜ. ಹಾಗಿದ್ದರೂ ಎರಡನ್ನೂ ಒಂದೇ ಮೊತ್ತದಲ್ಲಿ ಸೇರಿಸಿ "ವ್ಯಾಪಾರ ಏರಿತು" ಎಂದು ಸಂತೋಷ ಪಡುವುದು ಸರಿಯಲ್ಲ. ಎರಡಕ್ಕೂ ಬೇರೆ ಬೇರೆ ಕಾಲಂ ಇರಲಿ. ಕಮಿಷನ್ ದರ ಎಲ್ಲರಿಗೂ ಒಂದೇ ಇರುವುದಿಲ್ಲ, ನಿಮ್ಮ ಒಪ್ಪಂದದಲ್ಲಿ ಇರುವುದನ್ನು ಹಾಕಿಕೊಳ್ಳಿ.

ಅಡುಗೆಮನೆಯ ಎರಡು ಲೆಕ್ಕ

ಎಲ್ಲಕ್ಕಿಂತ ಮುಖ್ಯವಾದ ರಿಪೋರ್ಟು ಇದು ಎಂದು ನನ್ನ ಅಭಿಪ್ರಾಯ. ತಿಂಗಳ ಮೊದಲ ದಿನ ಸ್ಟೋರಿನಲ್ಲಿದ್ದ ಮಾಲು 1,80,000. ತಿಂಗಳಲ್ಲಿ ಖರೀದಿ 6,90,000. ಕೊನೆಯ ದಿನ ಉಳಿದದ್ದು 1,50,000. ಹಾಗಾದರೆ ಖರ್ಚಾದ ಮಾಲು 7,20,000. ವ್ಯಾಪಾರ 20 ಲಕ್ಷ ಎಂದಾದರೆ ಸಾಮಗ್ರಿ ಖರ್ಚು ಶೇ. 36. ಇಷ್ಟನ್ನು ನಮ್ಮಲ್ಲಿ ಹಲವರು ಮಾಡುತ್ತಾರೆ.

ಇನ್ನು ಎರಡನೆಯ ಲೆಕ್ಕ. ಒಂದು ಮಸಾಲೆ ದೋಸೆಗೆ ಎಷ್ಟು ಹಿಟ್ಟು, ಎಷ್ಟು ಬಟಾಟೆ, ಎಷ್ಟು ತುಪ್ಪ, ಎಷ್ಟು ಸಾಂಬಾರು ಎಂದು ತೂಕ ಮಾಡಿ ರೆಸಿಪಿಯನ್ನು ಕಂಪ್ಯೂಟರಿಗೆ ಹಾಕಿದರೆ, ಮಾರಾಟವಾದ ತಿಂಡಿಗೆ ಎಷ್ಟು ಮಾಲು ಬೇಕಾಗಿತ್ತು ಎಂದು ಅದೇ ಹೇಳುತ್ತದೆ. ಅದು ಶೇ. 33 ಎಂದು ಬಂತೆನ್ನಿ. ನಡುವಿನ ಶೇ. 3 ಎಂದರೆ ತಿಂಗಳಿಗೆ 60,000 ರೂಪಾಯಿ, ವರ್ಷಕ್ಕೆ 7,20,000. ಇದು ಎಲ್ಲಿ ಹೋಯಿತು? ಹುಳಿ ಬಂದು ಚೆಲ್ಲಿದ ಹಿಟ್ಟು, ಕೈ ಉದಾರವಾಗಿರುವ ಭಟ್ಟರ ತುಪ್ಪ, ತೂಕದಲ್ಲಿ ಕಡಿಮೆ ಬಂದ ತರಕಾರಿ, ಹಿಂಬಾಗಿಲಿನಿಂದ ಹೋದ ಎಣ್ಣೆ, ಯಾವುದೂ ಆಗಬಹುದು. ಹುಡುಗರ ಊಟವನ್ನು ಬೇರೆಯಾಗಿ ಬರೆಯದಿದ್ದರೆ ಅದೂ ಇದರಲ್ಲೇ ಸೇರಿ ನಿರಪರಾಧಿಗಳ ಮೇಲೆ ಸಂಶಯ ಬರುತ್ತದೆ. ಹುಡುಗರು ಹೊಟ್ಟೆ ತುಂಬ ಉಣ್ಣಲಿ, ಆದರೆ ಲೆಕ್ಕದಲ್ಲಿ ಅದಕ್ಕೊಂದು ಸಾಲು ಇರಲಿ.

ರೆಸಿಪಿ ತೂಕ ಮಾಡುವುದಕ್ಕೆ ಹಳೆಯ ಭಟ್ಟರು ಒಪ್ಪುವುದು ಕಷ್ಟ. ಅವರ ಕೈಯಲ್ಲೇ ತಕ್ಕಡಿ ಇರುತ್ತದೆ. ಎಲ್ಲವನ್ನೂ ಒಂದೇ ಸಲ ಮಾಡಲು ಹೊರಡಬೇಡಿ. ಹೆಚ್ಚು ಹೋಗುವ ಹತ್ತು ತಿಂಡಿಗಳಿಂದ ಸುರು ಮಾಡಿದರೆ ಸಾಕು.

ಮೆನುವಿನ ನಾಲ್ಕು ಕೋಣೆ

1982ರಲ್ಲಿ ಅಮೆರಿಕದ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕಸವಾನಾ ಮತ್ತು ಸ್ಮಿತ್ ಎಂಬಿಬ್ಬರು ಮೆನು ಇಂಜಿನಿಯರಿಂಗ್ ಎಂಬ ಪದ್ಧತಿ ತಂದರು. ಒಂದು ತಿಂಡಿ ಎಷ್ಟು ಹೋಗುತ್ತದೆ, ಒಂದಕ್ಕೆ ಎಷ್ಟು ರೂಪಾಯಿ ಉಳಿಯುತ್ತದೆ, ಇವೆರಡನ್ನೇ ನೋಡಿ ನಾಲ್ಕು ಕೋಣೆಗಳಲ್ಲಿ ಹಂಚುವುದು. ಉಳಿಯುವುದು ಎಂದರೆ ಮಾರಾಟ ಬೆಲೆಯಲ್ಲಿ ಸಾಮಗ್ರಿ ಖರ್ಚು ಕಳೆದದ್ದು.

ಐದು ತಿಂಡಿಗಳ ಒಂದು ತಿಂಗಳ ಲೆಕ್ಕ ತೆಗೆದುಕೊಳ್ಳೋಣ. ಮಸಾಲೆ ದೋಸೆ 2,400 ಹೋಯಿತು, ಒಂದಕ್ಕೆ 58 ಉಳಿಯಿತು. ಇಡ್ಲಿ ವಡೆ 1,800, ಉಳಿದದ್ದು 40. ಚೀಸ್ ದೋಸೆ 400, ಉಳಿದದ್ದು 85. ಬಿಸಿಬೇಳೆಬಾತ್ 350, ಉಳಿದದ್ದು 45. ನೀರ್‌ದೋಸೆ ಕುರ್ಮ 250, ಉಳಿದದ್ದು 72. ಒಟ್ಟು 5,200 ತಟ್ಟೆ, ಉಳಿದ ಹಣ 2,78,950, ಸರಾಸರಿ ತಟ್ಟೆಗೆ ಸುಮಾರು 53.60.

ಐದು ತಿಂಡಿಗಳಿದ್ದರೆ ಸಮಪಾಲು ಶೇ. 20. ಅದರ ಶೇ. 70, ಅಂದರೆ ಶೇ. 14 ದಾಟಿದರೆ ಚೆನ್ನಾಗಿ ಹೋಗುವ ತಿಂಡಿ ಎಂಬುದು ಅವರ ನಿಯಮ. ಇಲ್ಲಿ ಅದು 728 ತಟ್ಟೆ. ಮಸಾಲೆ ದೋಸೆ ಹೋಗುತ್ತದೆ, ಉಳಿಯುತ್ತದೆ, ಅದು ತಾರೆ. ಇಡ್ಲಿ ವಡೆ ಬಹಳ ಹೋಗುತ್ತದೆ, ಕಡಿಮೆ ಉಳಿಯುತ್ತದೆ. ಅವರು ಅದನ್ನು ನೇಗಿಲ ಕುದುರೆ ಎಂದರು, ನಾವು ಉಳುವ ಎತ್ತು ಎನ್ನೋಣ. ಚೀಸ್ ದೋಸೆ, ನೀರ್‌ದೋಸೆ ಒಗಟುಗಳು, ಉಳಿಯುತ್ತದೆ ಆದರೆ ಹೋಗುವುದಿಲ್ಲ. ಎರಡರಲ್ಲೂ ಹಿಂದಿರುವ ಬಿಸಿಬೇಳೆಬಾತಿಗೆ ಅವರು ಇಟ್ಟ ಹೆಸರು ನಾಯಿ. ಅನ್ನಕ್ಕೆ ಆ ಹೆಸರು ನನಗೆ ಹಿಡಿಸಲಿಲ್ಲ, ಇರಲಿ.

ಚೀಸ್ ದೋಸೆಯ ಬೆಲೆ 150, ಸಾಮಗ್ರಿ 65, ಅಂದರೆ ಶೇ. 43. ಶೇಕಡಾ ಮಾತ್ರ ನೋಡುವವರು ಇದನ್ನು ತೆಗೆದುಹಾಕಿ ಎನ್ನುತ್ತಾರೆ. ರೂಪಾಯಿ ಲೆಕ್ಕದಲ್ಲಿ ಎಲ್ಲಕ್ಕಿಂತ ಹೆಚ್ಚು ಉಳಿಯುವುದು ಅದರಲ್ಲೇ. ಬಾಡಿಗೆ, ಸಂಬಳ ಕಟ್ಟುವುದು ರೂಪಾಯಿಯಲ್ಲಿ, ಶೇಕಡಾದಲ್ಲಿ ಅಲ್ಲ.

ಕಂಪ್ಯೂಟರಿಗೆ ತಿಳಿಯದ ವಿಷಯಗಳೂ ಇವೆ. ಚೀಸ್ ದೋಸೆ ಕಾವಲಿಯ ಮೇಲೆ ಹೆಚ್ಚು ಹೊತ್ತು ಕೂರುತ್ತದೆ. ಬೆಳಿಗ್ಗೆ ಒಂಬತ್ತರ ರಶ್ಶಿನಲ್ಲಿ ಅದನ್ನು ಹೆಚ್ಚಿಸಿದರೆ ಮಸಾಲೆ ದೋಸೆಯ ಸಾಲು ನಿಂತುಬಿಡುತ್ತದೆ, ಸಂಜೆಗೆ ಅದು ಒಳ್ಳೆಯದು. ನಾಲ್ವರು ಒಟ್ಟಿಗೆ ಬರುವ ಆಫೀಸಿನವರಲ್ಲಿ ಒಬ್ಬರು ದಿನಾ ಬಿಸಿಬೇಳೆಬಾತ್ ತಿನ್ನುವವರಾದರೆ, ಅದನ್ನು ನಿಲ್ಲಿಸಿದ ದಿನ ನಾಲ್ವರೂ ಎದುರಿನ ಹೋಟೆಲಿಗೆ ಹೋದಾರು. ಯಾವ ಯಾವ ತಿಂಡಿ ಒಂದೇ ಬಿಲ್ಲಿನಲ್ಲಿ ಹೋಗುತ್ತದೆ ಎಂಬ ರಿಪೋರ್ಟನ್ನೂ ತೆಗೆದು ನೋಡಿ ಆಮೇಲೆ ನಿರ್ಧಾರ ಮಾಡಿ.

ಹೋಲಿಕೆ ಮಾಡುವಾಗ

ಸೋಮವಾರವನ್ನು ಸೋಮವಾರದ ಜೊತೆಗೇ ಹೋಲಿಸಬೇಕು. ಐದು ಭಾನುವಾರ ಇರುವ ತಿಂಗಳು, ನಾಲ್ಕು ಭಾನುವಾರದ ತಿಂಗಳು ಒಂದೇ ಅಲ್ಲ. ಹಬ್ಬಗಳು ಇಂಗ್ಲಿಷ್ ತಾರೀಕಿಗೆ ಬರುವುದಿಲ್ಲ. ಗಣೇಶ ಚತುರ್ಥಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಈ ಎರಡು ವರ್ಷಗಳ ಆಗಸ್ಟನ್ನು ಹೋಲಿಸಿ ಡ್ಯಾಶ್‌ಬೋರ್ಡ್ ಹಸಿರು ಬಾಣವನ್ನೋ ಕೆಂಪು ಬಾಣವನ್ನೋ ತೋರಿಸಿದರೆ ಅದಕ್ಕೆ ಅರ್ಥವಿಲ್ಲ. ಮುಂಬಯಿ, ಪುಣೆಯವರಿಗೆ ಇದು ಚೆನ್ನಾಗಿ ತಿಳಿಯುತ್ತದೆ. ನವರಾತ್ರಿ, ಶ್ರಾವಣ, ಮೇ ತಿಂಗಳ ರಜೆ, ಹತ್ತಿರದ ಕಾಲೇಜಿನ ಪರೀಕ್ಷೆ, ಇವನ್ನು ಗುರುತು ಹಾಕುವ ಒಂದು ಕಾಲಂ ಇಟ್ಟುಕೊಳ್ಳಿ.

ಗಂಟೆವಾರು ರಿಪೋರ್ಟು ಮಧ್ಯಾಹ್ನ ಮೂರರಿಂದ ಐದರವರೆಗೆ ಎಷ್ಟು ಹುಡುಗರು ಬೇಕು, ವಿರಾಮ ಯಾವಾಗ ಕೊಡಬಹುದು ಎಂಬುದಕ್ಕೆ ಉಪಯೋಗ.

ರದ್ದಾದ ಕೆ.ಓ.ಟಿ. ಮತ್ತು ಬಿಲ್ಲುಗಳ ರಿಪೋರ್ಟನ್ನು ಮಾತ್ರ ಜಾಗ್ರತೆಯಿಂದ ಓದಬೇಕು. ರಾತ್ರಿ ಪಾಳಿಯ ಕ್ಯಾಶಿಯರ್ ಮೂವತ್ತು ಬಿಲ್ಲು ರದ್ದು ಮಾಡಿದ, ಬೆಳಗಿನವನು ಹತ್ತು ಎಂದು ಕಂಡೊಡನೆ ಕರೆದು ಗದರಿಸುವುದಲ್ಲ. ರಾತ್ರಿಯವನು ಮಾಡಿದ ಬಿಲ್ಲು 1,500, ಬೆಳಗಿನವನದು 400 ಆಗಿದ್ದರೆ ನೂರಕ್ಕೆ ರಾತ್ರಿಯವನದು 2, ಬೆಳಗಿನವನದು 2.5. ನೂರು ಬಿಲ್ಲಿಗೆ ಎಷ್ಟು, ಹಣ ತೆಗೆದುಕೊಂಡ ಮೇಲೆ ರದ್ದಾದದ್ದೋ ಮೊದಲೋ, ಕಾರಣ ಬರೆದಿದೆಯೋ, ಇದನ್ನು ನೋಡಿ ಮಾತನಾಡಿ. ಹತ್ತು ವರ್ಷ ದುಡಿದವನ ಮೇಲೆ ಒಂದು ಅಂಕಿ ನೋಡಿ ಕಳ್ಳತನ ಹೊರಿಸಿದರೆ, ಅವನು ಬಿಟ್ಟು ಹೋದ ನಷ್ಟ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಯಾವ ಸಾಫ್ಟ್‌ವೇರ್?

ಮೊದಲು ಈಗಿರುವ ಬಿಲ್ಲಿಂಗ್ ಸಾಫ್ಟ್‌ವೇರಿನ ರಿಪೋರ್ಟು ವಿಭಾಗವನ್ನು ತೆರೆದು ನೋಡಿ. ಹೆಚ್ಚಿನವುಗಳಲ್ಲಿ ಐಟಂವಾರು, ಗಂಟೆವಾರು ಪಟ್ಟಿ ಇದ್ದೇ ಇರುತ್ತದೆ. ಅದನ್ನು ಎಕ್ಸೆಲ್ಲಿಗೆ ಇಳಿಸಿ ಪಿವೋಟ್ ಟೇಬಲ್ ಮಾಡಿದರೆ ಒಂದು ಹೋಟೆಲಿಗೆ ಸಾಕು. ಕಾಲೇಜಿಗೆ ಹೋಗುವ ಮಕ್ಕಳು ಅರ್ಧ ಗಂಟೆಯಲ್ಲಿ ಕಲಿಸಿಕೊಡುತ್ತಾರೆ. ಶಾಖೆಗಳು ಹೆಚ್ಚಿದ್ದರೆ ಮೈಕ್ರೋಸಾಫ್ಟಿನ ಪವರ್ ಬಿ.ಐ. ಇದೆ, ಅದರ ಡೆಸ್ಕ್‌ಟಾಪ್ ಆವೃತ್ತಿಗೆ ಹಣ ಕೊಡಬೇಕಾಗಿಲ್ಲ. ಗೂಗಲ್ 2016ರಲ್ಲಿ ಡೇಟಾ ಸ್ಟುಡಿಯೊ ಎಂದು ತಂದು 2022ರಲ್ಲಿ ಲುಕರ್ ಸ್ಟುಡಿಯೊ ಎಂದು ಹೆಸರು ಬದಲಿಸಿದ್ದು ಗೂಗಲ್ ಶೀಟಿನಿಂದ ಅಂಕಿಗಳನ್ನು ತಾನೇ ಎತ್ತಿಕೊಳ್ಳುತ್ತದೆ. ಚೆನ್ನೈ ಮೂಲದ ಜೋಹೊ ಕಂಪನಿಯ ಜೋಹೊ ಅನಲಿಟಿಕ್ಸ್ ಕೂಡ ಇದೆ. ನನ್ನ ಮಾತು ಕೇಳುವುದಾದರೆ ಮೂರು ತಿಂಗಳು ಎಕ್ಸೆಲ್ಲಿನಲ್ಲೇ ನಡೆಸಿ. ಯಾವ ಅಂಕಿಯನ್ನು ದಿನಾ ನೋಡುತ್ತೀರಿ ಎಂದು ತಿಳಿದ ಮೇಲೆ ಹಣ ಖರ್ಚು ಮಾಡಬಹುದು.

ಸೇಲ್ಸಿನವರು ಬಣ್ಣಬಣ್ಣದ ಚಕ್ರ ತೋರಿಸುವಾಗ ಮೂರು ಮಾತು ಕೇಳಿ. ನಮ್ಮ ಹಳೆಯ ಅಂಕಿಗಳನ್ನೆಲ್ಲ ಬೇಕಾದಾಗ ಫೈಲಾಗಿ ಇಳಿಸಿಕೊಳ್ಳಬಹುದೇ? ಒಪ್ಪಂದ ಮುಗಿದರೆ ಅವು ಎಷ್ಟು ದಿನ ಸಿಗುತ್ತವೆ? ಪಾಸ್‌ವರ್ಡ್ ಯಾರ ಯಾರ ಹತ್ತಿರ ಇರುತ್ತದೆ? ಇದಕ್ಕೆ ಬರವಣಿಗೆಯಲ್ಲಿ ಉತ್ತರ ಸಿಗದಿದ್ದರೆ ಚಹಾ ಕೊಟ್ಟು ಕಳುಹಿಸಿ.

ಕೆಲಸ ಸುರು ಮಾಡುವ ಮೊದಲು ಐಟಂ ಪಟ್ಟಿಯನ್ನು ಶುದ್ಧ ಮಾಡಬೇಕು. ಒಂದೇ ಮಸಾಲೆ ದೋಸೆ "ಮಸಾಲ ದೋಸ", "ಎಂ. ದೋಸಾ", "ಮಸಾಲಾ ಪಾರ್ಸೆಲ್" ಎಂದು ಮೂರು ಹೆಸರಿನಲ್ಲಿದ್ದರೆ ಕಂಪ್ಯೂಟರಿಗೆ ಅವು ಮೂರು ತಿಂಡಿಗಳು, ಮೂರೂ ಕಡಿಮೆ ಹೋಗುವಂತೆ ಕಾಣುತ್ತವೆ. "ಇತರ" ಎಂಬ ಬಟನ್ ಒತ್ತಿ ಕೈಯಿಂದ ಬೆಲೆ ಹಾಕುವುದನ್ನೂ ನಿಲ್ಲಿಸಿ. ಶಾಖೆಗಳಲ್ಲಿ ಹೆಸರು ಒಂದೇ ಇರಲಿ. ಇದು ಎರಡು ಮಧ್ಯಾಹ್ನದ ಬೇಸರದ ಕೆಲಸ, ಮ್ಯಾನೇಜರಿಗೆ ಬಿಡದೆ ಧಣಿಯೇ ಜೊತೆಗೆ ಕೂತು ಮಾಡಿಸಬೇಕು.

ಮೊಬೈಲಿನ ಡ್ಯಾಶ್‌ಬೋರ್ಡಿನಲ್ಲಿ ಐದೇ ಅಂಕಿ ಇಡಿ: ನಿನ್ನೆಯ ವ್ಯಾಪಾರ, ಕಳೆದ ವಾರದ ಅದೇ ದಿನದ ವ್ಯಾಪಾರ, ಟೇಬಲು ಮತ್ತು ಆನ್‌ಲೈನ್ ಪಾಲು, ನೂರು ಬಿಲ್ಲಿಗೆ ರದ್ದಾದವು, ವಾರದ ಖರೀದಿ. ಸಾಮಗ್ರಿ ಶೇಕಡಾ ತಿಂಗಳಿಗೊಮ್ಮೆ, ಸ್ಟೋರ್ ಎಣಿಸಿದ ಮೇಲೆ. ಮೆನುವಿನ ನಾಲ್ಕು ಕೋಣೆಯ ಲೆಕ್ಕ ಮೂರು ತಿಂಗಳಿಗೊಮ್ಮೆ ಸಾಕು, ತರಕಾರಿ ಬೆಲೆ ಏರಿದ ತಿಂಗಳಲ್ಲಿ ಮಾತ್ರ ಒಮ್ಮೆ ಹೆಚ್ಚಿಗೆ ತೆಗೆದು ನೋಡಿ.