ಒಂದೇ ಹೊಳ್ಳೆ ಕಟ್ಟುತ್ತಿದೆಯೇ?

ಮಂಗಳೂರಿನ ಮಳೆಗಾಲದಲ್ಲಿ ಮೂಗು ಕಟ್ಟದವರು ಯಾರು? ಆದರೆ ಶೀತಕ್ಕಾಗಲಿ, ಅಲರ್ಜಿಗಾಗಲಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳು ಕಟ್ಟುತ್ತವೆ. ಒಂದೇ ಕಡೆ ವಾರಗಟ್ಟಲೆ ಕಟ್ಟಿಕೊಂಡಿದ್ದು ಆಗಾಗ ರಕ್ತವೂ ಕಂಡರೆ, ಮೆಡಿಕಲ್‌ನಿಂದ ಮತ್ತೊಂದು ಡ್ರಾಪ್ಸ್ ತರುವ ಬದಲು ಇಎನ್‌ಟಿ ವೈದ್ಯರನ್ನು ಕಾಣಿ. ವೆನ್ಲಾಕ್, ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್ ಎಲ್ಲ ಕಡೆ ಈ ವಿಭಾಗವಿದೆ.

ಮೊದಲು ಎಂಡೋಸ್ಕೋಪಿ. ಮರಗಟ್ಟಿಸುವ ಔಷಧ ಹಾಕಿ ಒಪಿಡಿಯಲ್ಲೇ ನೋಡುತ್ತಾರೆ, ಕೆಲವೇ ನಿಮಿಷದ ಕೆಲಸ. ‘ದುರ್ಮಾಂಸ ಇದೆ’ ಎಂದರೆ ಅಷ್ಟಕ್ಕೇ ಎದ್ದು ಬರಬೇಡಿ. ಯಾವ ಬಗೆಯದ್ದಿರಬಹುದು ಎಂದು ಕೇಳಿ. ಕೆಂಪಗೆ, ಮೇಲೆ ಬಿಳಿ ಚುಕ್ಕಿಗಳಿರುವ ಗೆಡ್ಡೆಯಾದರೆ ನಿಂತ ನೀರಿನಿಂದ ತಗಲುವ ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕು ಇರಬಹುದು. ಕೆರೆ, ಹೊಂಡಗಳಲ್ಲಿ ಮೀಯುವ ಅಭ್ಯಾಸವಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ.

ಮುಂದಿನದು ಸಿಟಿ ಸ್ಕ್ಯಾನ್. ಎಲುಬು ಸವೆದಿದೆಯೇ, ದಪ್ಪಗಾಗಿದೆಯೇ ಎಂಬುದು ಇದರಲ್ಲಿ ತಿಳಿಯುತ್ತದೆ. ತಲೆನೋವಿಗೆಂದು ಮಾಡಿಸಿದ ಸ್ಕ್ಯಾನ್‌ನಲ್ಲಿ ಹಣೆಯ ಸೈನಸ್‌ನ ಆಸ್ಟಿಯೋಮಾ, ಅಂದರೆ ಎಲುಬಿನ ಗಂಟು, ಅಕಸ್ಮಾತ್ತಾಗಿ ಕಾಣುವುದುಂಟು. ತೊಂದರೆ ಕೊಡದಿದ್ದರೆ ಅದನ್ನು ಮುಟ್ಟಬೇಕಿಲ್ಲ, ಗಮನಿಸುತ್ತಿದ್ದರೆ ಸಾಕು. ಗೆಡ್ಡೆ ಯಾವುದು, ಅದರ ಹಿಂದೆ ನಿಂತ ಸಿಂಬಳ ಯಾವುದು ಎಂದು ಬೇರ್ಪಡಿಸಲು ಎಂಆರ್‌ಐ ಬೇಕಾಗಬಹುದು.

ಬಯಾಪ್ಸಿಗೆ ಒಂದು ಎಚ್ಚರಿಕೆ. ಹದಿಹರೆಯದ ಹುಡುಗನಿಗೆ ಮೂಗು ಕಟ್ಟಿ ಪದೇ ಪದೇ ರಕ್ತ ಸುರಿಯುತ್ತಿದ್ದರೆ ಅದು ಆಂಜಿಯೋಫೈಬ್ರೋಮಾ, ಅಂದರೆ ರಕ್ತನಾಳಗಳು ತುಂಬಿದ ಗೆಡ್ಡೆ, ಇರಬಹುದು. ಒಪಿಡಿಯಲ್ಲಿ ಚೂರು ತೆಗೆದರೆ ರಕ್ತ ನಿಲ್ಲಿಸುವುದೇ ಕಷ್ಟ. ಇಲ್ಲಿ ಸ್ಕ್ಯಾನ್ ಮೊದಲು. ಶಸ್ತ್ರಚಿಕಿತ್ಸೆಗೆ ಮುನ್ನ ಗೆಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚುವುದೂ ಉಂಟು.

ಹೆಚ್ಚು ಜಾಗ್ರತೆ ಬೇಡುವುದು ಇನ್ವರ್ಟೆಡ್ ಪ್ಯಾಪಿಲೋಮಾ ಎಂಬ ಗೆಡ್ಡೆ. ಐವತ್ತು ದಾಟಿದ ಗಂಡಸರಲ್ಲೇ ಹೆಚ್ಚು. ಕ್ಯಾನ್ಸರ್ ಅಲ್ಲ, ಆದರೂ ನೂರರಲ್ಲಿ 5ರಿಂದ 10 ಮಂದಿಯಲ್ಲಿ ಕ್ಯಾನ್ಸರ್ ಜೊತೆಗಿರಬಹುದು, ಇಲ್ಲವೇ ಮುಂದೆ ಬರಬಹುದು. ಮೇಲೆ ಮೇಲೆ ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ. ‘ಬುಡ ಎಲ್ಲಿದೆ, ಅಲ್ಲಿನ ಎಲುಬನ್ನೂ ಉಜ್ಜಿ ತೆಗೆಯುತ್ತೀರಾ?’ ಎಂದು ಡಾಕ್ಟರಲ್ಲಿ ಕೇಳಲು ಸಂಕೋಚ ಬೇಡ. ಹೆಚ್ಚಿನವರಿಗೆ ಮುಖದ ಮೇಲೆ ಗಾಯವಿಲ್ಲದೆ ಎಂಡೋಸ್ಕೋಪ್‌ನಲ್ಲೇ ಆಗುತ್ತದೆ. ತೆಗೆದದ್ದನ್ನೆಲ್ಲ ಪೆಥಾಲಜಿಗೆ ಕಳಿಸಬೇಕು, ಒಂದು ಚೂರನ್ನಲ್ಲ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಖಾಸಗಿಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರದ ವಿಚಾರ ವೆನ್ಲಾಕ್‌ನಲ್ಲಿ ಕೇಳಿಕೊಳ್ಳಿ. ಪ್ಯಾಪಿಲೋಮಾ ವರ್ಷಗಳ ನಂತರವೂ ಮರುಕಳಿಸಬಹುದು. ಹಾಗಾಗಿ ಮೂಗು ಸರಾಗವಾಯಿತೆಂದು ತಪಾಸಣೆ ಬಿಡಬೇಡಿ. ಪ್ರತಿ ಬಾರಿಯೂ ಹಳೆಯ ಸ್ಕ್ಯಾನ್ ಸಿಡಿ, ಪೆಥಾಲಜಿ ವರದಿ ಕೈಯಲ್ಲಿರಲಿ.