ಸಿರಪ್ ಬಾಟಲಿ ಮನೆ ಸೇರಿದ ಮೇಲೆ

ಮಗುವಿಗೆ ರಕ್ತ ಕಮ್ಮಿ ಎಂದು ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಶುರುವಾಗುವುದು ಅಡುಗೆಯ ಮಾತು. ಬೀಟ್‌ರೂಟ್ ತುರಿದು ಕೊಡಿ ಎನ್ನುವವರು ಒಬ್ಬರು, ದಾಳಿಂಬೆ ರಸ ಎನ್ನುವವರು ಇನ್ನೊಬ್ಬರು, ಖರ್ಜೂರವನ್ನು ರಾತ್ರಿ ನೆನೆಹಾಕಿ ಎನ್ನುವವರು ಮತ್ತೊಬ್ಬರು. ಆಸ್ಪತ್ರೆಯಲ್ಲಿ ಕೊಟ್ಟ ಸಿರಪ್ ಬಾಟಲಿ ಈ ಮಾತಿನ ನಡುವೆ ಕಪಾಟಿನ ಮೇಲೆ ಹೋಗಿ ಕೂರುತ್ತದೆ. ಮಕ್ಕಳ ಆರೋಗ್ಯದ ಕೆಲಸದ ಜೊತೆ ವರ್ಷಗಟ್ಟಲೆ ಇದ್ದು ನಾನು ಬಂದು ನಿಂತಿರುವ ತೀರ್ಮಾನ ಒಂದೇ. ರಕ್ತಹೀನತೆ ಬಾರದಂತೆ ತಡೆಯುವುದಕ್ಕೆ ಊಟ ಬೇಕು; ಬಂದದ್ದನ್ನು ವಾಸಿಮಾಡುವುದಕ್ಕೆ ಔಷಧಿಯೇ ಬೇಕು. ಆ ಔಷಧಿ ಸೋಲುವುದು ಕಾರ್ಖಾನೆಯಲ್ಲಲ್ಲ, ಆಸ್ಪತ್ರೆಯಲ್ಲೂ ಅಷ್ಟಾಗಿ ಅಲ್ಲ. ಬಾಟಲಿ ಮನೆ ಸೇರಿದ ಮೇಲಿನ ಮೊದಲ ಕೆಲವು ವಾರಗಳಲ್ಲಿ. ಹೀಗಿದ್ದೂ ನಮ್ಮ ಯೋಜನೆಗಳ ಲೆಕ್ಕ ಬಾಟಲಿ ಹಂಚಿದಲ್ಲಿಗೇ ಮುಗಿಯುತ್ತದೆ.

ಊಟದಿಂದ ಯಾಕೆ ವಾಸಿಯಾಗುವುದಿಲ್ಲ ಎಂಬುದಕ್ಕೆ ದೊಡ್ಡ ಶಾಸ್ತ್ರ ಬೇಡ, ಕೂಡುವ ಕಳೆಯುವ ಲೆಕ್ಕ ಸಾಕು. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿ ಇರುವುದು ಸುಮಾರು 800 ಮಿಲಿಲೀಟರ್ ರಕ್ತ. ಹಿಮೋಗ್ಲೋಬಿನ್ ನೂರು ಮಿಲಿಲೀಟರ್‌ಗೆ 8 ಗ್ರಾಂ ಇದ್ದದ್ದು 11ಕ್ಕೆ ಏರಬೇಕಾದರೆ ಅಷ್ಟು ರಕ್ತಕ್ಕೆ ಒಟ್ಟು 24 ಗ್ರಾಂ ಹಿಮೋಗ್ಲೋಬಿನ್ ಹೊಸದಾಗಿ ತಯಾರಾಗಬೇಕು. ಒಂದು ಗ್ರಾಂ ಹಿಮೋಗ್ಲೋಬಿನ್‌ನಲ್ಲಿ ಸುಮಾರು 3.4 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಂದರೆ ರಕ್ತ ಸೇರಲೇಬೇಕಾದ ಕಬ್ಬಿಣವೇ 80 ಮಿಲಿಗ್ರಾಂ ದಾಟುತ್ತದೆ. ಬರಿದಾಗಿರುವ ದಾಸ್ತಾನು ತುಂಬುವುದು ಬೇರೆ, ಮಗು ಬೆಳೆಯುವುದಕ್ಕೆ ದಿನದಿನವೂ ಬೇಕಾದದ್ದು ಬೇರೆ. ಈಗ ತಟ್ಟೆಯ ಕಡೆ ನೋಡೋಣ. ನೂರು ಗ್ರಾಂ ರಾಗಿಯಲ್ಲಿ ಇರುವ ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು. ಧಾನ್ಯವೇ ಹೆಚ್ಚಿರುವ ನಮ್ಮ ಊಟದಿಂದ ಕರುಳು ಹೀರಿಕೊಳ್ಳುವುದು ಅದರಲ್ಲಿ ನೂರಕ್ಕೆ ಐದೋ ಎಂಟೋ ಪಾಲು. ಒಂದು ವರ್ಷದ ಮಗು ದಿನಕ್ಕೆ ನೂರು ಗ್ರಾಂ ರಾಗಿ ತಿಂದರೂ ರಕ್ತಕ್ಕೆ ಸೇರುವುದು ಕಾಲು ಮಿಲಿಗ್ರಾಂ, ಹೆಚ್ಚೆಂದರೆ ಅದಕ್ಕಿಂತ ತುಸು ಜಾಸ್ತಿ. ದಿನದ ಖರ್ಚಿಗೇ ಅದು ಸಾಲದು. ಹಳೆಯ ಸಾಲ ತೀರುವುದೆಲ್ಲಿ? ಬೀಟ್‌ರೂಟಿನ ಗತಿ ಇನ್ನೂ ಕಡೆ, ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಬಣ್ಣ ಕೆಂಪಗಿರುವುದೊಂದೇ ಅದರ ಹೆಗ್ಗಳಿಕೆ. ಕಿಲೋಗೆ 3 ಮಿಲಿಗ್ರಾಂ ಲೆಕ್ಕದಲ್ಲಿ ಅದೇ ಮಗುವಿಗೆ ದಿನಕ್ಕೆ 30 ಮಿಲಿಗ್ರಾಂ ಔಷಧಿ ಕೊಟ್ಟು, ಅದರಲ್ಲಿ ಹತ್ತರಲ್ಲೊಂದು ಪಾಲು ದಕ್ಕಿದರೂ ದಿನಕ್ಕೆ 3 ಮಿಲಿಗ್ರಾಂ ಆಯಿತು. ಔಷಧಿಯನ್ನು ಎರಡು ಮೂರು ತಿಂಗಳು ಯಾಕೆ ಕೊಡಬೇಕು ಎಂಬುದೂ ಈ ಲೆಕ್ಕದಲ್ಲೇ ಇದೆ. ಮೊದಲು ರಕ್ತ ತುಂಬಬೇಕು, ಆಮೇಲೆ ದಾಸ್ತಾನು.

ರಾಗಿ ತಿಂದೇ ನಮ್ಮ ಹಿಂದಿನವರು ಗಟ್ಟಿಯಾಗಿರಲಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ಹಿಂದಿನವರ ಮಕ್ಕಳ ರಕ್ತವನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ ಎಂದು ಹೇಳಿ ಜಾರಿಕೊಳ್ಳಬಹುದು, ಆದರೆ ಪ್ರಶ್ನೆಯಲ್ಲಿ ಸತ್ವವಿದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡಿ ಸರಿ ಕಾಯಿಸುವ ರೂಢಿ ಸುಮ್ಮನೆ ಬಂದದ್ದಲ್ಲ. ಕಬ್ಬಿಣವನ್ನು ಹಿಡಿದಿಟ್ಟು ಕರುಳಿಗೆ ಸಿಗದಂತೆ ಮಾಡುವ ಫೈಟೇಟ್ ಮೊಳಕೆಯಲ್ಲಿ ಕಡಿಮೆಯಾಗುತ್ತದೆ. ಸೊಪ್ಪಿನ ಪಲ್ಯಕ್ಕೆ, ಮೊಳಕೆಕಾಳಿನ ಉಸಲಿಗೆ ಹಿಂಡುವ ನಿಂಬೆಹಣ್ಣು, ಊಟದ ಜೊತೆ ತಿನ್ನುವ ಸೀಬೆಹಣ್ಣಿನ ಹೋಳು ಕಬ್ಬಿಣದ ದಾರಿಯನ್ನು ಸಲೀಸು ಮಾಡುತ್ತವೆ. ಮಾಂಸ ತಿನ್ನುವ ಮನೆಯಾದರೆ ಕೆಲಸ ಇನ್ನೂ ಸುಲಭ; ಮಾಂಸದ ಕಬ್ಬಿಣ ಸೊಪ್ಪು ಕಾಳಿನದಕ್ಕಿಂತ ಎಷ್ಟೋ ಚೆನ್ನಾಗಿ ದಕ್ಕುತ್ತದೆ. ದೊಡ್ಡವರು ಸಾರು ಮುದ್ದೆಯ ಜೊತೆ ತಿನ್ನುವ ತುಂಡನ್ನು ಮಗುವಿಗೆ ಅರಗುವುದಿಲ್ಲವೆಂದು ದೂರವಿಟ್ಟು, ಬರೀ ತಿಳಿಸಾರು ಕಲಸಿ ತಿನ್ನಿಸುವುದು ನನಗೆ ಯಾವತ್ತೂ ಸರಿ ಕಂಡಿಲ್ಲ. ನುಣ್ಣಗೆ ಅರೆದರೆ ಎಂಟು ತಿಂಗಳ ಮಗುವೂ ತಿನ್ನುತ್ತದೆ. ಇವೆಲ್ಲ ಮುಂದಿನ ವರ್ಷಗಳ ವಿಮೆ. ಇವತ್ತು 8 ಗ್ರಾಂ ಇರುವ ಮಗುವಿಗೆ ಇವನ್ನೇ ಮದ್ದೆಂದು ಹೇಳಿ ಕಳಿಸಿದರೆ ಮೂರು ತಿಂಗಳು ಹಾಳು.

ಆ ಮೂರು ತಿಂಗಳು ಯಾವ ವಯಸ್ಸಿನದು ಎಂಬುದೂ ಮುಖ್ಯ. ತಾಯಿಯ ಹೊಟ್ಟೆಯಲ್ಲಿ ಮಗು ಕೂಡಿಟ್ಟುಕೊಂಡ ಕಬ್ಬಿಣ ಸುಮಾರು ಆರು ತಿಂಗಳು ಬರುತ್ತದೆ. ತಾಯಿಗೇ ಇಲ್ಲದಿದ್ದರೆ, ಕೂಸು ಕಡಿಮೆ ತೂಕದ್ದಾದರೆ ಅದಕ್ಕೂ ಮೊದಲೇ ಮುಗಿಯುತ್ತದೆ. ಹೆರಿಗೆಯಾದ ತಕ್ಷಣ ಹೊಕ್ಕುಳಬಳ್ಳಿ ಕತ್ತರಿಸದೆ ಒಂದೆರಡು ನಿಮಿಷ ಕಾದರೆ ಆ ದಾಸ್ತಾನು ಹೆಚ್ಚುತ್ತದೆ, ಖರ್ಚೇನೂ ಇಲ್ಲ. ಆರು ತಿಂಗಳಿಂದ ಎರಡು ವರ್ಷದವರೆಗೆ ಮಗು ಭರದಿಂದ ಬೆಳೆಯುತ್ತದೆ, ತಿನ್ನುವುದು ಎರಡು ತುತ್ತು. ಆ ಹೊತ್ತಿಗೆ ಸರಿಯಾಗಿ ಹಸುವಿನ ಹಾಲಿನ ಬಾಟಲಿ ಕೈಗೆ ಬರುತ್ತದೆ. ಹಾಲಿನಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ, ಅದರ ಕ್ಯಾಲ್ಸಿಯಂ ಬೇರೆ ಆಹಾರದ ಕಬ್ಬಿಣಕ್ಕೂ ಅಡ್ಡ ಬರುತ್ತದೆ, ಹೊಟ್ಟೆ ತುಂಬಿದ ಮಗು ಊಟ ಮುಟ್ಟುವುದಿಲ್ಲ. ಕರ್ನಾಟಕದ ಗುಲ್ಬರ್ಗ ಮತ್ತು ಚಾಮರಾಜನಗರ ಜಿಲ್ಲೆಗಳ ಹಳ್ಳಿಗಳಲ್ಲಿ ಒಂದರಿಂದ ಎರಡು ವರ್ಷದೊಳಗಿನ 401 ಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಾಲ್ಕರಲ್ಲಿ ಮೂರು ಮಕ್ಕಳಿಗೆ ರಕ್ತಹೀನತೆಯಿತ್ತು. ಮಗುವಿನ ಹಿಮೋಗ್ಲೋಬಿನ್ ಜೊತೆ ನಂಟು ಕಂಡದ್ದು ಮಗುವಿನ ಕಬ್ಬಿಣದ ದಾಸ್ತಾನಿಗೆ, ತಾಯಿಯ ಹಿಮೋಗ್ಲೋಬಿನ್‌ಗೆ, ಮನೆಯ ಬಡತನಕ್ಕೆ.

ಔಷಧಿ ಕೊಟ್ಟರೆ ಸಾಕಲ್ಲ, ಮಾತೇಕೆ ಎನ್ನುವವರಿಗೆ ಉತ್ತರ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇದೆ. ಅಲ್ಲಿನ 55 ಹಳ್ಳಿಗಳಲ್ಲಿ ಒಂದರಿಂದ ಐದು ವರ್ಷದ, ರಕ್ತಹೀನತೆಯಿದ್ದ 534 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಅದು. ಎರಡೂ ಗುಂಪಿನ ಮಕ್ಕಳಿಗೆ ಸಿಕ್ಕಿದ್ದು ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಔಷಧಿಯೇ. ಒಂದು ಗುಂಪಿನ ಮನೆಗಳಿಗೆ ಮಾತ್ರ, ತರಬೇತಿ ಪಡೆದ ಸ್ಥಳೀಯ ಆರೋಗ್ಯ ಕಾರ್ಯಕರ್ತೆಯರು ಮತ್ತೆ ಮತ್ತೆ ಹೋಗಿ ತಾಯಂದಿರ ಜೊತೆ ಕೂತು ಮಾತಾಡಿದರು: ಇದು ಯಾಕೆ, ಹೇಗೆ ಕೊಡಬೇಕು, ಏನು ತಿನ್ನಿಸಬೇಕು ಎಂದು. ಆರು ತಿಂಗಳ ಕೊನೆಗೆ ಬರೀ ಔಷಧಿಯ ಗುಂಪಿನಲ್ಲಿ ಶೇ 41.4 ಮಕ್ಕಳು ವಾಸಿಯಾಗಿದ್ದರೆ, ಮಾತೂ ಸೇರಿದ ಗುಂಪಿನಲ್ಲಿ ಶೇ 55.7. ಹೊಸ ಮದ್ದಿಲ್ಲ, ಹೊಸ ಯಂತ್ರವಿಲ್ಲ. ನೂರು ಮಕ್ಕಳಲ್ಲಿ ಹದಿನಾಲ್ಕು ಮಕ್ಕಳ ವ್ಯತ್ಯಾಸ ಮಾಡಿದ್ದು ಹಳ್ಳಿಯ ಹೆಂಗಸೊಬ್ಬಳ ಭೇಟಿ. ಮಾತಾಡಿದ ಮೇಲೂ ಅರ್ಧಕ್ಕೆ ಸಮೀಪದ ಮಕ್ಕಳು ಉಳಿದರಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ, ಮಾತಿನಿಂದ ಬಡತನ ಹೋಗುವುದಿಲ್ಲ. ಆದರೆ ಇಷ್ಟು ಅಗ್ಗವಾಗಿ ಇಷ್ಟು ಫಲ ಕೊಟ್ಟ ಬೇರೆ ಉಪಾಯ ಈ ವಿಷಯದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಬಾಟಲಿ ನಿಲ್ಲುವ ಕಾರಣಗಳು ಮೊದಲೇ ಹೇಳಬಹುದಾದಷ್ಟು ಒಂದೇ ಥರ. ಮಲ ಕಪ್ಪಗಾಯಿತು ಎಂದು ಹೆದರಿಕೆ. ಅದು ಹೀರದೆ ಉಳಿದ ಕಬ್ಬಿಣ, ಹೊರಗೆ ಹೋಗುತ್ತಿದೆ ಅಷ್ಟೆ. ಹಲ್ಲು ಕರೆಗಟ್ಟಿತು ಎಂದು. ನಾಲಿಗೆಯ ಹಿಂಭಾಗಕ್ಕೆ ಹಾಕಿ ಮೇಲೊಂದು ಗುಟುಕು ನೀರು ಕುಡಿಸಿದರೆ ಆಗುವುದಿಲ್ಲ, ಆದರೂ ಹೋಗುವ ಕರೆ. ಟಾನಿಕ್ ಉಷ್ಣ ಎಂದು ಅತ್ತೆ ಹೇಳಿದರೆ ಸೊಸೆ ಎದುರಾಡುವ ಹಾಗಿಲ್ಲ, ಆದ್ದರಿಂದ ಮಾತು ಅತ್ತೆಯ ಹತ್ತಿರವೇ ಆಗಬೇಕು. ವಾಂತಿಯಾದರೆ ಪ್ರಮಾಣ ಇಳಿಸಿ ನಿಧಾನವಾಗಿ ಏರಿಸಬಹುದು, ವೈದ್ಯರನ್ನು ಕೇಳಿಕೊಂಡು. ಜ್ವರ ಬಂದಾಗ ನಿಲ್ಲಿಸುವುದು ಸರಿಯೇ. ಸೋಂಕಿನ ಹೊತ್ತಿನಲ್ಲಿ ದೇಹವೇ ಕಬ್ಬಿಣದ ಬಾಗಿಲು ಮುಚ್ಚುತ್ತದೆ. ತೊಂದರೆಯೆಂದರೆ ಜ್ವರ ಬಿಟ್ಟ ಮೇಲೆ ಮತ್ತೆ ಶುರುಮಾಡಿ ಎಂದು ಯಾರೂ ಹೇಳಿರುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಕಾರಣ, ಮಗು ಚುರುಕಾಯಿತು, ಮಣ್ಣು ಬಳಪ ತಿನ್ನುವುದು ಬಿಟ್ಟಿತು, ಇನ್ಯಾಕೆ ಎಂಬ ನೆಮ್ಮದಿ. ಸರ್ಕಾರಿ ವ್ಯವಸ್ಥೆಯೇ ಹುಟ್ಟುಹಾಕುವ ಗೊಂದಲವೂ ಒಂದಿದೆ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಎಲ್ಲ ಮಕ್ಕಳಿಗೂ ಮುನ್ನೆಚ್ಚರಿಕೆಯಾಗಿ ವಾರಕ್ಕೆರಡು ಸಲ ಒಂದು ಮಿಲಿಲೀಟರ್, ಅಂದರೆ 20 ಮಿಲಿಗ್ರಾಂ ಕಬ್ಬಿಣದ ಸಿರಪ್. ರಕ್ತಹೀನತೆಯಿರುವ ಮಗುವಿಗೆ ಬೇಕಾದದ್ದು ದಿನವೂ, ತೂಕಕ್ಕೆ ತಕ್ಕಷ್ಟು. ಹತ್ತು ಕಿಲೋ ಮಗುವಿಗೆ ವಾರಕ್ಕೆ 40 ಮಿಲಿಗ್ರಾಂ ಎಲ್ಲಿ, ದಿನಕ್ಕೆ 30ರಂತೆ 210 ಎಲ್ಲಿ? ಎರಡನ್ನೂ ಬಿಡಿಸಿ ಹೇಳದಿದ್ದರೆ ತಾಯಿ ನಿಷ್ಠೆಯಿಂದ ಕೊಟ್ಟೂ ಮಗು ಹಾಗೇ ಉಳಿಯುತ್ತದೆ, ಕೊನೆಗೆ ಬೈಗುಳ ಅವಳಿಗೆ. ಇನ್ನೊಂದು ಮಾತು ಇಲ್ಲೇ ಹೇಳಿಬಿಡಬೇಕು: ಬಾಟಲಿ ಎತ್ತರದಲ್ಲಿರಲಿ. ಪುಟ್ಟ ಮಗು ಒಮ್ಮೆಗೇ ಬಾಟಲಿ ಎತ್ತಿ ಕುಡಿದರೆ ಕಬ್ಬಿಣ ವಿಷ, ಜೀವಕ್ಕೇ ಅಪಾಯ.

ಅಂಕಿಗಳೇ ಉಬ್ಬಿವೆ, ಇಷ್ಟೊಂದು ಗದ್ದಲ ಬೇಡ ಎಂಬುದು ಓದಿದವರ ಆಕ್ಷೇಪ. ಅದರಲ್ಲಿ ಹುರುಳಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನವರಲ್ಲಿ ದೇಶದಲ್ಲಿ ಶೇ 67.1, ಕರ್ನಾಟಕದಲ್ಲಿ ಶೇ 65.5 ಮಕ್ಕಳಿಗೆ ರಕ್ತಹೀನತೆ. ಆ ಸಮೀಕ್ಷೆ ಬೆರಳು ಚುಚ್ಚಿ ತೆಗೆದ ಹನಿಯನ್ನು ನಂಬಿದೆ. ಬೆರಳನ್ನು ಹಿಂಡಿದರೆ ಹನಿ ತೆಳ್ಳಗಾಗಿ ಲೆಕ್ಕ ತಪ್ಪುತ್ತದೆ. ರಕ್ತನಾಳದಿಂದ ರಕ್ತ ತೆಗೆದು ಪ್ರಯೋಗಾಲಯದಲ್ಲಿ ನೋಡಿದ 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ, ಒಂದರಿಂದ ನಾಲ್ಕು ವರ್ಷದವರಲ್ಲಿ ಸಿಕ್ಕಿದ್ದು ಶೇ 41. ವಯಸ್ಸಿನ ವ್ಯತ್ಯಾಸವೂ ಇದರಲ್ಲಿ ಸೇರಿದೆ ಎನ್ನಿ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷದೊಳಗಿನವರ ಗಡಿಯನ್ನು 11ರಿಂದ 10.5 ಗ್ರಾಂಗೆ ಇಳಿಸಿತು, ಅಲ್ಲಿಗೂ ಒಂದಷ್ಟು ಮಕ್ಕಳು ಪಟ್ಟಿಯಿಂದ ಹೊರಗೆ. ಇಷ್ಟೆಲ್ಲ ಕಳೆದರೂ ಉಳಿಯುವ ಸಂಖ್ಯೆ ಸಣ್ಣದಲ್ಲ. ಅದೇ ಪೌಷ್ಟಿಕತೆ ಸಮೀಕ್ಷೆ ಕಬ್ಬಿಣದ ಕೊರತೆಯನ್ನು ನೇರವಾಗಿ ಅಳೆದು ಆ ವಯಸ್ಸಿನ ಮೂವರಲ್ಲಿ ಒಬ್ಬರಿಗೆ ಇದೆ ಎಂದಿತು, ಅದೂ ಹಳ್ಳಿಗಿಂತ ಪೇಟೆಯಲ್ಲಿ ಹೆಚ್ಚು. ಉಬ್ಬಿದ ಅಂಕಿಯಿಂದ ನಾನು ತೆಗೆಯುವ ಪಾಠ ಬೇರೆ: ಬೆರಳ ಹನಿಯೊಂದನ್ನೇ ನಂಬಿ ಹಣೆಪಟ್ಟಿ ಹಚ್ಚಬೇಡಿ.

ಕಬ್ಬಿಣ ಕೊಡುವುದೇ ಕೇಡು ಎಂಬ ವಾದಕ್ಕೂ ಆಧಾರವಿದೆ. ತಾಂಜಾನಿಯಾದ ಪೆಂಬಾ ದ್ವೀಪದಲ್ಲಿ, ಮಲೇರಿಯಾ ತುಂಬಿದ ಜಾಗದಲ್ಲಿ, ಎಲ್ಲ ಮಕ್ಕಳಿಗೂ ಪರೀಕ್ಷೆಯಿಲ್ಲದೆ ದಿನವೂ ಕಬ್ಬಿಣ ಕೊಟ್ಟಾಗ ಆಸ್ಪತ್ರೆ ಸೇರುವವರು, ಸಾಯುವವರು ಹೆಚ್ಚಾದರು ಎಂದು 2006ರಲ್ಲಿ ವರದಿಯಾಯಿತು. ಅದೇ ಕಾಲದ ನೇಪಾಳದ ಪ್ರಯೋಗದಲ್ಲಿ ಅಂಥ ಕೇಡು ಕಾಣಲಿಲ್ಲ, ಅಲ್ಲಿ ಮಲೇರಿಯಾದ ಹಾವಳಿ ಇರಲಿಲ್ಲ. ಬಾಂಗ್ಲಾದೇಶದಲ್ಲಿ ಎಂಟು ತಿಂಗಳ ಕೂಸುಗಳಿಗೆ ಮೂರು ತಿಂಗಳು ಕಬ್ಬಿಣ ಕೊಟ್ಟ, 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ರಕ್ತಹೀನತೆ ತಗ್ಗಿದರೂ ಬುದ್ಧಿಯ ಬೆಳವಣಿಗೆಯಲ್ಲಿ ಲಾಭ ಕಾಣಲಿಲ್ಲ. ಇದನ್ನು ಮುಚ್ಚಿಟ್ಟು, ಸಿರಪ್ ಕುಡಿದರೆ ಮಗುವಿನ ಬುದ್ಧಿ ಚುರುಕಾಗುತ್ತದೆ ಎಂದು ಆಸೆ ಹುಟ್ಟಿಸುವುದು ತಪ್ಪು. ಆದರೆ ಅಲ್ಲಿ ಕೊಟ್ಟದ್ದು ರಕ್ತಹೀನತೆ ಇದ್ದವರಿಗೂ ಇಲ್ಲದವರಿಗೂ. ಕೊರತೆ ನಿಜವಾಗಿ ಇದ್ದು, ಬಹಳ ದಿನ ಉಳಿದ ಕೂಸುಗಳನ್ನು ಕೋಸ್ಟರಿಕಾದಲ್ಲಿ ವರ್ಷಗಳ ಕಾಲ ಗಮನಿಸಿದಾಗ, ದೊಡ್ಡವರಾದ ಮೇಲೂ ಅವರು ಕಲಿಕೆಯ ಪರೀಕ್ಷೆಗಳಲ್ಲಿ ಹಿಂದೆ ಉಳಿದದ್ದು ಕಂಡಿತು. ಹಾಗಾಗಿ ಪರೀಕ್ಷೆಯಲ್ಲಿ ಪತ್ತೆಯಾದ ಮಗುವಿಗೆ ಪೂರ್ತಿ ಚಿಕಿತ್ಸೆ ಕೊಡುವುದಕ್ಕೆ ಈ ಯಾವ ಪ್ರಯೋಗವೂ ಅಡ್ಡ ಬರುವುದಿಲ್ಲ.

ಪೂರ್ತಿ ಚಿಕಿತ್ಸೆ ಎಂದರೆ ಒಂದು ತಿಂಗಳಿಗೆ ಮರುಪರೀಕ್ಷೆ ಸೇರಿಯೇ. ನಮ್ಮಲ್ಲಿ ಹೆಚ್ಚಾಗಿ ತಪ್ಪಿಹೋಗುವುದು ಇದೇ. ಔಷಧಿ ಸರಿಯಾಗಿ ಹೊಟ್ಟೆ ಸೇರಿ, ಕೊರತೆ ಕಬ್ಬಿಣದ್ದೇ ಆಗಿದ್ದರೆ ನಾಲ್ಕು ವಾರದಲ್ಲಿ ಹಿಮೋಗ್ಲೋಬಿನ್ ಒಂದು ಗ್ರಾಂ ಆದರೂ ಏರಬೇಕು. ಏರದಿದ್ದರೆ ಮೊದಲು ಕೇಳಬೇಕಾದ್ದು, ಗದರದೆ, ಬಾಟಲಿ ಎಷ್ಟು ಖಾಲಿಯಾಗಿದೆ ಎಂದು. ಖಾಲಿಯಾಗಿದ್ದೂ ಏರಿಲ್ಲವೆಂದರೆ ಇನ್ನೊಂದು ಬಾಟಲಿ ಬರೆದುಕೊಡುವುದಲ್ಲ ಉತ್ತರ. ತಂದೆತಾಯಿಯಿಂದ ಬರುವ ಥಲಸ್ಸೇಮಿಯಾ ಇರಬಹುದು, ಬಿ12 ಕೊರತೆ ಇರಬಹುದು, ಜಂತುಹುಳು ಅಥವಾ ಹಳೆಯ ಸೋಂಕು ಇರಬಹುದು. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಬುಡಕಟ್ಟುಗಳಲ್ಲಾದರೆ ಕುಡುಗೋಲು ಕಣ ರೋಗವನ್ನು ಮರೆಯುವಂತಿಲ್ಲ. ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರುವ ಮಗು ತಿಂಗಳು ಕಾಯಬಾರದು, ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಉಳಿದವರಿಗೆ ಸಿರಪ್ ಕೊಡುವಾಗಲೇ ಮರುಪರೀಕ್ಷೆಯ ತಾರೀಖನ್ನು ತಾಯಿ ಕಾರ್ಡಿನ ಮೇಲೆ ಬರೆದು, ಆ ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿದರೆ ಆಯಿತು. ಅವರ ವರದಿಯಲ್ಲಿ ಈಗ ಇರುವ ಅಂಕಣ ಎಷ್ಟು ಬಾಟಲಿ ಹಂಚಿದಿರಿ ಎಂಬುದು. ಅದರ ಪಕ್ಕದಲ್ಲಿ ಎಷ್ಟು ಮಕ್ಕಳ ಹಿಮೋಗ್ಲೋಬಿನ್ ಏರಿತು ಎಂಬ ಅಂಕಣವನ್ನೂ ಸೇರಿಸಬೇಕು, ಅದನ್ನು ತುಂಬಲು ಅವರು ನಡೆಯುವ ಮನೆಮನೆಯ ದಾರಿಗೂ ಸಂಬಳ ಕೊಡಬೇಕು.